ದಾಳಕ್ಕೂ ಸಿಗದ ಅಂಕ: ಆ ಸಿನಿಮಾ ನೋಡಿ ಆಟಗಾರರು ನಕ್ಕಿದ್ದೇಕೆ, ನೊಂದಿದ್ದೇಕೆ?

ಆರು ಮುಖದ ಮೂರು ದಾಳ ಉರುಳಿಸಿ ನೋಡಿ. ಅದೃಷ್ಟ ಎಷ್ಟೇ ಕೆಟ್ಟಿದ್ದರೂ ಮೂರಕ್ಕಿಂತ ಕಡಿಮೆ ಬರಲ್ಲ. ಆ ಮೂರು ಬೀಳುವುದೂ 216ರಲ್ಲಿ ಒಂದು ಸಲ. ಮೇಜಿನ ಸುತ್ತ ಕೂತು ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟ ಆಡುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಆಟದಲ್ಲಿ ಅವರ ಪಾತ್ರ ಹುಟ್ಟುವುದೇ ಹೀಗೆ. ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಅಂತ ಆರು ಗುಣ. ಒಂದೊಂದಕ್ಕೂ ದಾಳ ಹಾಕಬೇಕು, ಬಂದಷ್ಟನ್ನು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಈಗಿನ ನಿಯಮದಲ್ಲಿ ನಾಲ್ಕು ದಾಳ ಹಾಕಿ ಕಡಿಮೆ ಬಂದದ್ದನ್ನು ಬಿಡುತ್ತಾರೆ. ಆಗಲೂ ಮೂರರ ಕೆಳಗೆ ಇಳಿಯಲು ದಾರಿಯಿಲ್ಲ.

ಆ ಆರನೆಯ ಗುಣಕ್ಕೆ, ಅಂದರೆ ವರ್ಚಸ್ಸಿಗೆ, ಆಟದಲ್ಲಿ ಕರಿಸ್ಮಾ ಅಂತ ಹೆಸರು. 2013ರಲ್ಲಿ ಬಂದ ಡಾರ್ಕ್ ಕಾಮಿಡಿ ಸಿನಿಮಾದ ಹೆಸರು ‘ಜೀರೋ ಕರಿಸ್ಮಾ’. ಆಟ ಗೊತ್ತಿಲ್ಲದವರಿಗೆ ಇದು ‘ಯಾರಿಗೂ ಬೇಡವಾದ ಮನುಷ್ಯ’ ಅಂತ ಕೇಳಿಸುತ್ತದೆ. ಗೊತ್ತಿದ್ದವರಿಗೆ ಇನ್ನೂ ಒಂದು ಮಾತು ಕೇಳಿಸುತ್ತದೆ. 1974ರ ಮೊದಲ ನಿಯಮಗಳಲ್ಲಿ ವರ್ಚಸ್ಸಿಗೆ ಇದ್ದ ಮುಖ್ಯ ಕೆಲಸ ಒಂದೇ. ನಿನ್ನ ಹಿಂದೆ ಎಷ್ಟು ಜನ ಬರುತ್ತಾರೆ, ಎಷ್ಟು ದಿನ ನಿಷ್ಠೆಯಿಂದ ಇರುತ್ತಾರೆ ಅನ್ನುವುದನ್ನು ಅದು ಹೇಳುತ್ತಿತ್ತು. 18 ಬಂದವನ ಹಿಂದೆ 12 ಜನ ಬರಬಹುದು. 3 ಬಂದ ಪಾಪದವನ ಹಿಂದೆಯೂ ಒಬ್ಬ ಬರುತ್ತಾನೆ. ಸೊನ್ನೆಗೆ ಆ ಪಟ್ಟಿಯಲ್ಲಿ ಸಾಲೇ ಇಲ್ಲ.

ಇಡೀ ಸಿನಿಮಾ ನಡೆಯುವುದು ಆ ಇಲ್ಲದ ಸಾಲಿನಲ್ಲಿ.

ಕಥೆ ಸಣ್ಣದು. ಸ್ಕಾಟ್ ಅನ್ನುವವನು ದೊಡ್ಡವನಾದರೂ ಇನ್ನೂ ಅಜ್ಜಿಯ ಮನೆಯಲ್ಲೇ ಇದ್ದಾನೆ. ಹೊರಗಿನ ಜಗತ್ತಿನಲ್ಲಿ ಅವನಿಗೆ ಹೇಳಿಕೊಳ್ಳುವಂಥ ಜಾಗವಿಲ್ಲ. ಆದರೆ ಒಂದು ಮೇಜಿನ ಸುತ್ತ ಅವನೇ ರಾಜ. ಅಲ್ಲಿ ಅವನು ಗೇಮ್ ಮಾಸ್ಟರ್, ಗೆಳೆಯರಿಗೆ ಆಟ ಆಡಿಸುವವನು. ಗುಂಪಿನ ಒಬ್ಬ ಸಂಸಾರ ಉಳಿಸಿಕೊಳ್ಳಲು ಆಟ ಬಿಟ್ಟು ಹೋಗುತ್ತಾನೆ. ಆ ಜಾಗಕ್ಕೆ ಮೈಲ್ಸ್ ಅನ್ನುವ ಹೊಸಬ ಬರುತ್ತಾನೆ. ಮೈಲ್ಸ್ ಚೆನ್ನಾಗಿ ಮಾತಾಡುತ್ತಾನೆ, ಎಲ್ಲರನ್ನೂ ನಗಿಸುತ್ತಾನೆ. ನಿಧಾನವಾಗಿ ಮೇಜು ಅವನ ಕಡೆ ವಾಲುತ್ತದೆ. ಸ್ಕಾಟ್ ಕುದಿಯುತ್ತಾನೆ. ಇದೇ ಹೊತ್ತಿಗೆ ಅಜ್ಜಿ ಕಾಯಿಲೆ ಬೀಳುತ್ತಾಳೆ, ಎಷ್ಟೋ ಕಾಲ ದೂರವಿದ್ದ ತಾಯಿ ವಾಪಸ್ ಬರುತ್ತಾಳೆ. ಮುಂದಿನದು ನೋಡಿಯೇ ತಿಳಿಯಬೇಕು.

ನಿರ್ದೇಶಕರು ಕೇಟಿ ಗ್ರಹಾಂ ಮತ್ತು ಆಂಡ್ರ್ಯೂ ಮ್ಯಾಥ್ಯೂಸ್. ಸ್ಕಾಟ್ ಪಾತ್ರ ಮಾಡಿದವರು ಸ್ಯಾಮ್ ಈಡ್ಸನ್. ಟೆಕ್ಸಸ್‌ನ ಆಸ್ಟಿನ್ ನಗರದ ಸಿನಿಮಾ ಇದು. ಅಲ್ಲಿನ ಸೌತ್ ಬೈ ಸೌತ್‌ವೆಸ್ಟ್ ಉತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ಖರ್ಚಿನ ಒಂದು ಪಾಲು ಇಂಡಿಗೋಗೋ ಅನ್ನುವ ವೆಬ್‌ಸೈಟಿನಲ್ಲಿ ಜನ ಸೇರಿ ಹಾಕಿದ ದುಡ್ಡಿನಿಂದ ಬಂತು. ಕೈಯಿಂದ ದುಡ್ಡು ಹಾಕಿ ಇಂಥ ಕಥೆಗೆ ಕಾದವರಲ್ಲಿ ಆಡುವವರೂ ಇದ್ದೇ ಇರುತ್ತಾರೆ. ಹಾಗಿದ್ದೂ ಸಿನಿಮಾ ಬಂದ ಮೇಲೆ ಆಟಗಾರರ ಮನಸ್ಸು ಒಂದೇ ಕಡೆ ನಿಲ್ಲಲಿಲ್ಲ. ಕೆಲವರು ಬಿದ್ದು ಬಿದ್ದು ನಕ್ಕರು. ಕೆಲವರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಇನ್ನು ಕೆಲವರು ಅರ್ಧಕ್ಕೇ ಎದ್ದು ಹೋದರು. ನಗು ಬರಲಿಲ್ಲ ಅಂತಲ್ಲ, ಕೂತು ನೋಡಲು ಆಗಲಿಲ್ಲ ಅಂತ. ಇವತ್ತಿಗೂ ಆಡುವವರ ನಡುವೆ ಈ ಸಿನಿಮಾದ ಮಾತು ಎತ್ತಿದರೆ ಅದೇ ಒಡಕು ಮತ್ತೆ ಕಾಣುತ್ತದೆ. ಅದು ಯಾಕೆ ಅನ್ನುವುದೇ ನನಗೆ ಮುಖ್ಯ.

ಮೊದಲು ಆಟ ಏನು ಅಂತ ಒಂದು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಗೇಮ್ ಮಾಸ್ಟರ್ ಕಥೆ ಹೇಳುತ್ತಾನೆ: ಕತ್ತಲೆ ಗುಹೆ, ಒಳಗೆ ಏನೋ ಉಸಿರಾಡುವ ಸದ್ದು, ಏನು ಮಾಡ್ತೀರಿ? ಆಟಗಾರರು ತಾವು ಏನು ಮಾಡುತ್ತೇವೆ ಅಂತ ಹೇಳುತ್ತಾರೆ. ಆಗುತ್ತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ಒಂದು ದಾಳ ಹೇಳುತ್ತದೆ. ಗೆದ್ದವರು ಸೋತವರು ಅಂತ ಇಲ್ಲ. ಒಂದೇ ಕಥೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಆ ಲೋಕದಲ್ಲಿ ಗೇಮ್ ಮಾಸ್ಟರ್ ಮಳೆಯೂ ಹೌದು, ರಾಕ್ಷಸನೂ ಹೌದು, ನ್ಯಾಯಾಧೀಶನೂ ಹೌದು. ಅವನ ಮುಂದೆ ಮಡಚಿ ನಿಲ್ಲಿಸಿದ ಒಂದು ರಟ್ಟಿನ ಪರದೆ ಇರುತ್ತದೆ. ಅದರ ಹಿಂದೆ ಅವನು ಹಾಕಿದ ದಾಳ ಬೇರೆ ಯಾರಿಗೂ ಕಾಣಲ್ಲ. ಬಿದ್ದದ್ದು ಏಳು, ಅವನು ಹದಿನೇಳು ಅಂದರೆ ಹದಿನೇಳೇ. ಇಡೀ ಆಟ ನಿಂತಿರುವುದು ಆ ರಟ್ಟಿನ ಹಿಂದಿನ ಮನುಷ್ಯನ ಮೇಲಿನ ನಂಬಿಕೆಯ ಮೇಲೆ.

ಹೊರಗಿನವರಿಗೆ ಇದು ಸುಮ್ನೆ ಹೊತ್ತು ಕಳೆಯುವ ಆಟ ಅನ್ನಿಸಬಹುದು. ನನ್ನ ಹತ್ತಿರ ಒಂದು ಹಳೆಯ ಕ್ಯಾರೆಕ್ಟರ್ ಶೀಟ್ ಇದೆ, ಪೆನ್ಸಿಲಿನಲ್ಲಿ ಬರೆದದ್ದು. ಪಾತ್ರಕ್ಕೆ ಪೆಟ್ಟು ಬಿದ್ದಾಗಲೆಲ್ಲ ಪ್ರಾಣದ ಅಂಕ ಅಳಿಸಬೇಕು, ವಾಸಿಯಾದಾಗ ಮತ್ತೆ ಬರೆಯಬೇಕು. ರಬ್ಬರ್ ಉಜ್ಜಿ ಉಜ್ಜಿ ಆ ಚೌಕದಲ್ಲಿ ಕಾಗದ ತೆಳುವಾಗಿಬಿಟ್ಟಿದೆ. ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಮಸುಕಾಗಿ ಕಾಣುತ್ತದೆ. ಒಂದು ಮೂಲೆಯಲ್ಲಿ ಯಾರದೋ ಲೋಟದ ಗುಂಡನೆ ಕಲೆ. ಅಂಚಿನಲ್ಲಿ ನನ್ನ ಬರಹದಲ್ಲಿ ‘ಸೇತುವೆ ಹತ್ತಿರದ ಮುದುಕನನ್ನು ನಂಬಬೇಡ’ ಅಂತ ಇದೆ. ಆ ಮುದುಕ ಯಾರು, ಯಾವ ಸೇತುವೆ, ಈಗ ನೆನಪಿಲ್ಲ. ಆದರೆ ಅದನ್ನು ಬರೆದ ರಾತ್ರಿ ಮೇಜಿನ ಸುತ್ತ ಯಾರು ಯಾರು ಕೂತಿದ್ದರು ಅಂತ ಚೆನ್ನಾಗಿ ನೆನಪಿದೆ. ಆ ಹಾಳೆ ಎಸೆಯಲು ನನ್ನ ಕೈಯಲ್ಲಿ ಆಗಿಲ್ಲ.

ಸ್ಕಾಟ್‌ನ ಸಿಟ್ಟು ಅರ್ಥವಾಗಬೇಕಾದರೆ ಇಂಥ ಹಾಳೆಗಳ ಬೆಲೆ ಗೊತ್ತಿರಬೇಕು. ಸಿನಿಮಾ ಮೇಲೆ ಸಿಟ್ಟು ಮಾಡಿಕೊಂಡವರನ್ನು ಅರ್ಥ ಮಾಡಿಕೊಳ್ಳಲಿಕ್ಕೂ ಅಷ್ಟೇ.

ನೊಂದವರ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಅನ್ನೋ ಹಾಗೆ, ಸ್ಕಾಟ್‌ನ ಥರ ಇರುವವರಿಗೇ ಸಿನಿಮಾ ಉರಿಯುತ್ತದೆ ಅಂತ ಕೆಲವರು ತಳ್ಳಿಹಾಕುತ್ತಾರೆ. ನನಗೆ ಅದು ಸರಿ ಕಾಣಲ್ಲ. ಈ ನೋವಿಗೆ ಉದ್ದನೆಯ ಹಿನ್ನೆಲೆ ಇದೆ.

1979ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಒಬ್ಬ ಹುಡುಗ ಕಾಣೆಯಾದ. ಅವನು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಿದ್ದ ಅನ್ನುವುದು ಸುದ್ದಿಯಾಯಿತು. ಕ್ಯಾಂಪಸ್ಸಿನ ಕೆಳಗಿನ ಸುರಂಗಗಳಲ್ಲಿ ಆಟದ ಹುಚ್ಚಿನಿಂದ ಕಳೆದುಹೋಗಿದ್ದಾನೆ ಅಂತ ಪತ್ರಿಕೆಗಳು ಬರೆದವು. ಹುಡುಗ ಆಮೇಲೆ ಸಿಕ್ಕ. ಅವನ ಕಷ್ಟಗಳ ಬೇರು ಬೇರೆಯೇ ಕಡೆ ಇತ್ತು, ಆಟದಲ್ಲಿ ಇರಲಿಲ್ಲ. ಆದರೆ ಕಥೆ ಆಗಲೇ ಕಾಲು ಕಿತ್ತಿತ್ತು. ಅದರ ಎಳೆ ಹಿಡಿದು 1981ರಲ್ಲಿ ಕಾದಂಬರಿ ಬಂತು. 1982ರಲ್ಲಿ ಅದೇ ‘ಮೇಜಸ್ ಅಂಡ್ ಮಾನ್‌ಸ್ಟರ್ಸ್’ ಅನ್ನುವ ಟಿವಿ ಸಿನಿಮಾ ಆಯಿತು. ಆಟ ಮತ್ತು ನಿಜದ ನಡುವಿನ ಗೆರೆ ಅಳಿಸಿಹೋದ ಹುಡುಗನ ಪಾತ್ರದಲ್ಲಿ ಟಾಮ್ ಹ್ಯಾಂಕ್ಸ್, ಇನ್ನೂ ಹೆಸರಾಗದ ಕಾಲದ್ದು. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು 1983ರಲ್ಲಿ ಈ ಆಟದ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. ಅವರ ದುಃಖ ನಿಜವಾದದ್ದೇ. ಆದರೆ ಆಟವೇ ಕಾರಣ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. 1985ರಲ್ಲಿ ಟಿವಿಯ ‘60 ಮಿನಿಟ್ಸ್’ ಕಾರ್ಯಕ್ರಮ ಈ ವಿಷಯ ಎತ್ತಿಕೊಂಡಿತು. ಆಮೇಲೆ ಸೈತಾನನ ಆರಾಧನೆಯ ಗುಲ್ಲು. ಮನೆಯಲ್ಲಿ ಪುಸ್ತಕ ಸಿಕ್ಕಿತು ಅಂತ ಬೈಸಿಕೊಂಡವರು, ಪುಸ್ತಕ ಕಸದ ಬುಟ್ಟಿ ಸೇರಿದ್ದನ್ನು ನೋಡಿದವರು ಈಗಲೂ ಇದ್ದಾರೆ.

ಆಸ್ಟಿನ್‌ನಲ್ಲೇ ಆದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. 1990ರ ಮಾರ್ಚ್ 1ರಂದು ಸ್ಟೀವ್ ಜಾಕ್ಸನ್ ಗೇಮ್ಸ್ ಅನ್ನುವ ಕಂಪನಿಯ ಕಚೇರಿ ಮೇಲೆ ಅಮೆರಿಕದ ಸೀಕ್ರೆಟ್ ಸರ್ವಿಸ್ ದಾಳಿ ಮಾಡಿತು. ಅಲ್ಲಿ ಸಿದ್ಧವಾಗುತ್ತಿದ್ದ ಒಂದು ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಹೀಗೆ ಪಾತ್ರ ವಹಿಸಿ ಆಡುವ ಆಟದ ಪುಸ್ತಕದ ಕರಡನ್ನೂ ಹೊತ್ತೊಯ್ದರು. ಅದು ಕಂಪ್ಯೂಟರ್ ಅಪರಾಧದ ಕೈಪಿಡಿ ಅಂದರು. ಅದು ಬರೀ ಕಲ್ಪನೆಯ ಆಟ. ಕಂಪನಿ ಕೋರ್ಟಿಗೆ ಹೋಯಿತು. 1993ರಲ್ಲಿ ಗೆದ್ದಿತು, 50,000 ಡಾಲರ್ ಪರಿಹಾರ ಸಿಕ್ಕಿತು. ಸಿನಿಮಾ ಹುಟ್ಟಿದ ಊರಲ್ಲೇ, ಎರಡು ದಶಕದ ಹಿಂದೆ, ಇಂಥ ಆಟ ಬರೆಯುವವರ ಕಂಪ್ಯೂಟರುಗಳನ್ನು ಸರ್ಕಾರ ಕಿತ್ತುಕೊಂಡು ಹೋಗಿತ್ತು ಅನ್ನುವುದನ್ನು ನೆನಪಿಟ್ಟುಕೊಂಡು ಸಿನಿಮಾ ನೋಡಿದರೆ ಸ್ಕಾಟ್‌ನ ಬಿಗಿದ ಮುಷ್ಟಿ ಸ್ವಲ್ಪ ಬೇರೆ ಥರ ಕಾಣುತ್ತದೆ.

1980ರ ದಶಕದಲ್ಲಿ ತೆರೆಯ ಮೇಲೆ ಆಟಗಾರ ಅಪಾಯದ ಮನುಷ್ಯ. ಆಮೇಲಿನ ಕಾಮಿಡಿಗಳಲ್ಲಿ ಅವನು ಗೇಲಿಯ ವಸ್ತು: ದಪ್ಪ ಕನ್ನಡಕ, ಹುಡುಗಿಯರನ್ನು ಕಂಡರೆ ತೊದಲುವ ಬಾಯಿ, ಅಮ್ಮನ ಮನೆಯ ನೆಲಮಾಳಿಗೆ. ಈ ಎರಡನ್ನೂ ಹಲ್ಲು ಕಚ್ಚಿ ಸಹಿಸಿಕೊಂಡ ಒಬ್ಬರು 2013ರಲ್ಲಿ ತಮ್ಮ ಆಟದ ಬಗ್ಗೆಯೇ ಒಂದು ಸಿನಿಮಾ ಅಂತ ಆಸೆಯಿಂದ ಹೋಗಿ ಕೂರುತ್ತಾರೆ. ತೆರೆ ಮೇಲೆ ಬರುವವನು ಯಾರು? ಬೆಳೆದರೂ ಅಜ್ಜಿ ಮನೆ ಬಿಡದವನು, ಎಲ್ಲರ ಮೇಲೂ ಕಿರುಚುವವನು, ಸ್ನೇಹ ಉಳಿಸಿಕೊಳ್ಳಲು ಬಾರದವನು. ಪಕ್ಕದ ಸೀಟಿನಲ್ಲಿ, ಈ ಆಟ ಒಂದು ದಿನವೂ ಆಡದ ಯಾರೋ ಗಹಗಹಿಸಿ ನಗುತ್ತಿದ್ದಾರೆ. ಆ ನಗು ಬೀಳುವುದು ಹಳೇ ಗಾಯದ ಮೇಲೆ. ‘ನಾವು ಹೀಗಿಲ್ಲ’ ಅಂತ ಅವರು ಅಂದರೆ, ಅದು ಸಿನಿಮಾಕ್ಕೆ ಹೇಳಿದ್ದಲ್ಲ, ಪಕ್ಕದ ಸೀಟಿಗೆ ಹೇಳಿದ್ದು.

ಡಾರ್ಕ್ ಕಾಮಿಡಿಯ ತೊಂದರೆಯೂ ಅಲ್ಲೇ ಇದೆ. ಸಾಮಾನ್ಯ ಕಾಮಿಡಿಯಲ್ಲಿ ನಗಿಸಿದವನನ್ನು ಕೊನೆಗೆ ಗೆಲ್ಲಿಸಿಬಿಡುತ್ತಾರೆ. ಪ್ರೇಕ್ಷಕ ತಾನು ನಕ್ಕದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೊಂಡು ಹಗುರಾಗಿ ಎದ್ದು ಹೋಗುತ್ತಾನೆ. ಇಲ್ಲಿ ಆ ಅನುಕೂಲ ಇಲ್ಲ. ಸ್ಕಾಟ್‌ನನ್ನು ನೋಡಿ ನಕ್ಕ ಬಾಯಿಗೇ ಸ್ವಲ್ಪ ಹೊತ್ತಿನಲ್ಲಿ ಕಹಿ ತಾಗುತ್ತದೆ. ಇವನನ್ನು ನೋಡಿ ನಗಬೇಕೋ ಅಳಬೇಕೋ ಅಂತ ಸಿನಿಮಾ ಹೇಳಿಕೊಡಲ್ಲ. ಆಟ ಗೊತ್ತಿಲ್ಲದವರು ಆ ಕಹಿಯನ್ನು ಥಿಯೇಟರಿನ ಬಾಗಿಲಲ್ಲೇ ಬಿಟ್ಟು ಹೋಗಬಹುದು. ಆಡುವವರು ಅದನ್ನು ಮುಂದಿನ ವಾರದ ಮೇಜಿಗೆ ಹೊತ್ತುಕೊಂಡು ಹೋಗಬೇಕಾಗುತ್ತದೆ.

ಇನ್ನು ನಕ್ಕವರು. ಅವರಲ್ಲಿ ಆಟಗಾರರೇ ತುಂಬಾ ಜನ ಇದ್ದರು, ಅದನ್ನು ಮರೆಯಬಾರದು. ಅವರ ನಗು ಗೇಲಿಯ ನಗುವಲ್ಲ, ಎದೆಯ ಮೇಲಿನ ಕಲ್ಲು ಇಳಿದ ನಗು. ಯಾಕೆಂದರೆ ಸ್ಕಾಟ್ ಅವರಿಗೆ ಗೊತ್ತು. ಅವನ ಮೇಜಿನಲ್ಲಿ ಅವರು ಕೂತಿದ್ದಾರೆ.

ಕೆಟ್ಟ ಗೇಮ್ ಮಾಸ್ಟರ್‌ನ ಕೈಗೆ ಸಿಕ್ಕವರಿಗೆ ಆ ಲಕ್ಷಣಗಳೆಲ್ಲ ಪರಿಚಿತ. ಅವನು ಮೊದಲೇ ಕಥೆ ಬರೆದಿಟ್ಟಿರುತ್ತಾನೆ, ನೀವು ಏನೇ ಮಾಡಿದರೂ ಆ ಕಡೆಗೇ ಎಳೆಯುತ್ತಾನೆ. ಇದಕ್ಕೆ ಆಟಗಾರರು ರೇಲ್‌ರೋಡಿಂಗ್ ಅನ್ನುತ್ತಾರೆ. ರೈಲು ಹಳಿ ಬಿಟ್ಟು ಎಲ್ಲಿಗೆ ಹೋದೀತು? ನೀವು ಜಾಣತನದ ಒಂದು ಉಪಾಯ ಹೇಳಿದರೆ ಅವನ ಮುಖ ಗಂಟಾಗುತ್ತದೆ. ಪ್ರಶ್ನೆ ಕೇಳಿದರೆ ಮುಂದಿನ ಸುತ್ತಿನಲ್ಲಿ ನಿಮ್ಮ ಪಾತ್ರಕ್ಕೆ ಏನೋ ಕೆಡುಕು ಆಗುತ್ತದೆ. ಪರದೆಯ ಹಿಂದೆ ಬಿದ್ದ ದಾಳ ಯಾವುದು ಅಂತ ನಿಮಗೆ ಯಾವತ್ತೂ ತಿಳಿಯಲ್ಲ. ಕೆಲವರು ಇಂಥದ್ದನ್ನು ವರ್ಷಗಟ್ಟಲೆ ಸಹಿಸಿಕೊಂಡಿದ್ದಾರೆ.

ಯಾಕೆ ಸಹಿಸಿಕೊಂಡರು? ಇಲ್ಲೇ ಸಿನಿಮಾ ಒಂದು ಸೂಕ್ಷ್ಮ ಜಾಗವನ್ನು ಮುಟ್ಟಿದೆ ಅಂತ ನನಗೆ ಅನ್ನಿಸುವುದು. ಆ ಮೇಜಿಗೆ ಬಂದವರಲ್ಲಿ ಅನೇಕರು ಬೇರೆಲ್ಲೋ ಹೊರಗೆ ನಿಂತವರು. ಆಟದ ಮೈದಾನದಲ್ಲಿ ಕೊನೆಗೆ ಆಯ್ಕೆಯಾದವರು, ಕ್ಲಾಸಿನಲ್ಲಿ ಪಕ್ಕದ ಜಾಗ ಖಾಲಿಯಿದ್ದವರು. ಕೊನೆಗೊಂದು ಜಾಗ ಸಿಕ್ಕಿದೆ. ಅಲ್ಲಿಂದ ಇನ್ನೊಬ್ಬರನ್ನು ಹೊರಗೆ ಕಳಿಸು ಅಂದರೆ ಅವರಿಗೆ ಬಾಯಿ ಬರಲ್ಲ. ನಮ್ಮನ್ನು ಹೊರಗಿಟ್ಟವರ ಥರ ನಾವೂ ಆಗಿಬಿಡ್ತೀವಿ ಅಲ್ವಾ ಅನ್ನೋ ಭಯ. ತಾವೇ ಎದ್ದು ಹೋಗಲೂ ಆಗಲ್ಲ, ಬೇರೆ ಮೇಜು ಸಿಗುತ್ತೋ ಇಲ್ಲವೋ ಗೊತ್ತಿಲ್ಲ. ಹೀಗೆ ಒಳ್ಳೆಯ ಮನಸ್ಸಿನವರ ನಡುವೆಯೇ ಒಬ್ಬ ದಬ್ಬಾಳಿಕೆ ಮಾಡುವವನು ಬೇರು ಬಿಡುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಆಸರೆ ಕೊಟ್ಟವನೇ ಹಿಂಸೆಯೂ ಕೊಡುತ್ತಾನೆ. ಸ್ಕಾಟ್ ಆ ಗೆಳೆಯರಿಗೆ ಜಾಗ ಕೊಟ್ಟಿದ್ದು ಸುಳ್ಳಲ್ಲ. ಅದೇ ಜಾಗದ ಬಾಡಿಗೆಯನ್ನು ಅವರ ಮಾನದಲ್ಲಿ ವಸೂಲು ಮಾಡಿದ್ದೂ ಸುಳ್ಳಲ್ಲ.

‘ಕೆಟ್ಟ ಆಟಕ್ಕಿಂತ ಆಟ ಇಲ್ಲದಿರುವುದೇ ಮೇಲು’ ಅನ್ನೋ ಮಾತು ಆಟಗಾರರಲ್ಲಿ ಬಳಕೆಯಲ್ಲಿದೆ. ಹೊಸಬರು ಯಾರಾದರೂ ತಮ್ಮ ಗುಂಪಿನ ಕಷ್ಟ ಹೇಳಿಕೊಂಡರೆ ಹಳಬರು ಇದನ್ನೇ ಹೇಳುತ್ತಾರೆ. ಒಂದು ಸಮುದಾಯಕ್ಕೆ ಇಂಥ ಗಾದೆ ಬೇಕಾಯಿತು ಅಂದರೆ ಎಷ್ಟು ಜನ ಸ್ಕಾಟ್‌ಗಳ ಮೇಜಿನಲ್ಲಿ ಸಿಕ್ಕಿಬಿದ್ದಿದ್ದರು ಅಂತ ಯೋಚಿಸಿ.

ಇನ್ನೊಂದು ಬಗೆಯ ಪ್ರೇಕ್ಷಕರೂ ಇದ್ದಾರೆ. ಅವರ ಸಿಟ್ಟು ಸ್ಕಾಟ್ ಮೇಲಲ್ಲ, ಮೈಲ್ಸ್ ಮೇಲೆ. ಇದು ಹೊರಗಿನವರಿಗೆ ಬೇಗ ಅರ್ಥವಾಗಲ್ಲ. ಮೈಲ್ಸ್ ನಗುಮುಖದವನು, ಮಾತುಗಾರ. ಮೊದಮೊದಲು ಅವನು ಮಾಡಿದ ತಪ್ಪಾದರೂ ಏನು? ಎಲ್ಲರಿಗೂ ಇಷ್ಟವಾದದ್ದೇ ತಪ್ಪಾ? ಆದರೆ ಸಿನಿಮಾ ಬಂದ ಕಾಲ ನೆನಪಿಸಿಕೊಳ್ಳಿ. ಹಿಂದಿನ ವರ್ಷ, 2012ರಲ್ಲಿ, ಕಾಮಿಕ್ಸ್‌ನ ವೀರರ ಸಿನಿಮಾ ‘ದಿ ಅವೆಂಜರ್ಸ್’ 150 ಕೋಟಿ ಡಾಲರಿಗೂ ಜಾಸ್ತಿ ಗಳಿಸಿತ್ತು. ಶಾಲೆಯಲ್ಲಿ ಯಾವ ಕಾಮಿಕ್ಸ್ ಹಿಡಿದುಕೊಂಡಿದ್ದಕ್ಕೆ ಪೆಟ್ಟು ತಿಂದಿದ್ದರೋ ಅದೇ ಚಿತ್ರ ಈಗ ಎಲ್ಲರ ಟೀ ಶರ್ಟ್ ಮೇಲೆ. ಮೈಲ್ಸ್ ಆ ಹೊಸ ಗಾಳಿಯ ಮನುಷ್ಯ. ಅವನಿಗೆ ಈ ಆಟ ಒಂದು ಒಳ್ಳೆಯ ಸಂಜೆ. ಬೇಕಾದಾಗ ಬರಬಹುದು, ಸಾಕಾದಾಗ ಬಿಡಬಹುದು, ಹೊರಗೆ ಅವನಿಗೆ ಬೇರೆ ಮೇಜುಗಳು ಕಾದಿವೆ. ಸ್ಕಾಟ್‌ಗೆ ಇರುವುದು ಇದೊಂದೇ. ಇಬ್ಬರೂ ಒಂದೇ ದಾಳ ಉರುಳಿಸುತ್ತಿದ್ದಾರೆ, ಆದರೆ ಪಣಕ್ಕಿಟ್ಟದ್ದು ಒಂದೇ ಅಲ್ಲ. ಕಷ್ಟಕಾಲದಲ್ಲಿ ಆಟವನ್ನು ಹೊತ್ತು ತಂದವರಿಗೆ, ಅದು ಸುಲಭವಾದ ಮೇಲೆ ಬಂದು ಮೊದಲ ಪಂಕ್ತಿಯಲ್ಲಿ ಕೂರುವವರನ್ನು ಕಂಡರೆ ಹೊಟ್ಟೆ ಉರಿಯುವುದು ಸಹಜ. ಸರಿ ಅಂತ ನಾನು ಹೇಳುತ್ತಿಲ್ಲ, ಸಹಜ ಅಂತ ಹೇಳುತ್ತಿದ್ದೇನೆ.

ಈಗ ಹೊಸದಾಗಿ ಈ ಸಿನಿಮಾ ನೋಡುವವರ ಪ್ರತಿಕ್ರಿಯೆ ಮತ್ತೆ ಬೇರೆ. ಸಿನಿಮಾ ಬಂದ ಮರುವರ್ಷವೇ, 2014ರಲ್ಲಿ, ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿ ಬಂತು, ಕಲಿಯಲು ಸುಲಭವಾದದ್ದು. 2015ರ ಮಾರ್ಚಿನಲ್ಲಿ ‘ಕ್ರಿಟಿಕಲ್ ರೋಲ್’ ಶುರುವಾಯಿತು. ಧ್ವನಿ ಕಲಾವಿದರ ಒಂದು ಗುಂಪು ತಮ್ಮ ಆಟವನ್ನು ನೇರವಾಗಿ ಆನ್‌ಲೈನಿನಲ್ಲಿ ತೋರಿಸಿತು. ಗಂಟೆಗಟ್ಟಲೆ ಬೇರೆಯವರು ಆಡುವುದನ್ನು ನೋಡುವವರು ಯಾರು ಅಂತ ಕೇಳಿದವರಿಗೆ ಉತ್ತರ 2019ರಲ್ಲಿ ಸಿಕ್ಕಿತು. ಅವರ ಕಥೆಯನ್ನು ಅನಿಮೇಷನ್ ಮಾಡಲು ಜನರಿಂದ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ವೆಬ್‌ಸೈಟಿನಲ್ಲಿ ಕೇಳಿದಾಗ 88 ಸಾವಿರಕ್ಕೂ ಜಾಸ್ತಿ ಜನ ಸೇರಿ 1 ಕೋಟಿ 10 ಲಕ್ಷ ಡಾಲರಿಗೂ ಮೀರಿ ಕೊಟ್ಟರು. ನಡುವೆ 2016ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಅನ್ನುವ ಧಾರಾವಾಹಿ ಬಂತು. ಅದರ ಮೊದಲ ಕಂತಿನ ಆರಂಭದಲ್ಲೇ ನಾಲ್ಕು ಹುಡುಗರು ಈ ಆಟ ಆಡುತ್ತಾ ಕೂತಿರುತ್ತಾರೆ. ಅಲ್ಲಿ ಆ ಹುಡುಗರೇ ನಾಯಕರು. 2025ರ ಜನವರಿಯಲ್ಲಿ, ಹೀಗೇ ಆಟ ಆಡಿ ತೋರಿಸುವ ‘ಡೈಮೆನ್ಷನ್ 20’ ತಂಡ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ, ಸಾವಿರಾರು ಜನರ ಮುಂದೆ ಕೂತು ದಾಳ ಉರುಳಿಸಿತು.

ಈ ದಾರಿಯಲ್ಲಿ ಆಟಕ್ಕೆ ಬಂದ ಇಪ್ಪತ್ತು ವರ್ಷದವರಿಗೆ ಸ್ಕಾಟ್ ಬೇರೆ ಗ್ರಹದವನ ಥರ ಕಾಣುತ್ತಾನೆ. ಅವರಿಗೆ ಗೇಮ್ ಮಾಸ್ಟರ್ ಅಂದರೆ ‘ಕ್ರಿಟಿಕಲ್ ರೋಲ್’ನ ಮ್ಯಾಥ್ಯೂ ಮರ್ಸರ್ ಥರ ಇರಬೇಕು: ಹತ್ತು ದನಿಯಲ್ಲಿ ಮಾತಾಡುವ, ಆಟಗಾರರ ಉಪಾಯಕ್ಕೆ ತಾನೇ ಚಪ್ಪಾಳೆ ತಟ್ಟುವ ಮನುಷ್ಯ. ಎಲ್ಲರೂ ತಮ್ಮ ಗೇಮ್ ಮಾಸ್ಟರ್‌ನಿಂದ ಅಷ್ಟನ್ನೇ ಬಯಸುವುದಕ್ಕೆ ಆಟಗಾರರು ‘ಮ್ಯಾಟ್ ಮರ್ಸರ್ ಎಫೆಕ್ಟ್’ ಅಂತ ಹೆಸರೇ ಇಟ್ಟಿದ್ದಾರೆ. ಆಟ ಶುರುವಾಗುವ ಮೊದಲು ಎಲ್ಲರೂ ಕೂತು ಏನು ಬೇಕು, ಏನು ಬೇಡ ಅಂತ ಮಾತಾಡಿಕೊಳ್ಳುವ ‘ಸೆಷನ್ ಜೀರೋ’ ಇವರಿಗೆ ಮಾಮೂಲು. ಕೆಲವು ಮೇಜುಗಳಲ್ಲಿ ಮಧ್ಯೆ ಎಕ್ಸ್ ಗುರುತಿನ ಒಂದು ಕಾರ್ಡ್ ಇಡುತ್ತಾರೆ. ಕಥೆ ಯಾರಿಗಾದರೂ ಕಷ್ಟ ಕೊಟ್ಟರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ಆ ಭಾಗ ಬಿಟ್ಟು ಮುಂದೆ ಹೋಗುತ್ತಾರೆ. ಹೀಗಾಗಿ ಇವರು ಸಿನಿಮಾ ನೋಡಿ ‘ಇವರು ಯಾಕೆ ಮೊದಲೇ ಕೂತು ಮಾತಾಡಲಿಲ್ಲ?’ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ ಕಾರ್ಡ್ ಮೇಜಿನ ಮೇಲೆ ಬಂದದ್ದೇ ಸ್ಕಾಟ್‌ನಂಥವರ ಮೇಜುಗಳಲ್ಲಿ ನೊಂದವರು ಇದ್ದ ಕಾರಣಕ್ಕೆ. ಈಗಿನ ಹಿತವಾದ ಮೇಜಿನ ಕೆಳಗೆ ಆ ಹಳೆಯ ನೋವು ಇದೆ. ಹೊಸಬರಿಗೆ ಅದು ಕಾಣದಿರುವುದು ಒಂದು ರೀತಿ ಒಳ್ಳೆಯ ಸುದ್ದಿಯೇ.

2023ರಲ್ಲಿ ನಡೆದ ಒಂದು ಜಗಳ ಈ ಸಿನಿಮಾವನ್ನು ನಾನು ನೋಡುವ ರೀತಿಯನ್ನೇ ಬದಲಿಸಿತು. ಡಂಜನ್ಸ್ ಅಂಡ್ ಡ್ರಾಗನ್ಸ್ ಈಗ ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯದು. ಅದರ ಮಾಲೀಕತ್ವ ಹ್ಯಾಸ್‌ಬ್ರೋ ಕೈಯಲ್ಲಿದೆ. ಬೇರೆಯವರೂ ಈ ನಿಯಮಗಳನ್ನು ಬಳಸಿ ಪುಸ್ತಕ ಬರೆಯಲು ಬಿಡುತ್ತಿದ್ದ ಹಳೆಯ ಮುಕ್ತ ಪರವಾನಗಿಯನ್ನು ಬಿಗಿ ಮಾಡಲು ಕಂಪನಿ ಹೊರಟಿದೆ ಅಂತ ಆ ವರ್ಷದ ಜನವರಿಯಲ್ಲಿ ಸುದ್ದಿ ಹೊರಬಿತ್ತು. ಹಳಬರು, ಹೊಸಬರು, ಸ್ಕಾಟ್‌ಗಳು, ಮೈಲ್ಸ್‌ಗಳು ಎಲ್ಲರೂ ಒಟ್ಟಿಗೆ ಎದ್ದು ನಿಂತರು. ‘ಇದು ನಮ್ಮ ಆಟ’ ಅಂದರು. ಜನವರಿ 27ರಂದು ಕಂಪನಿ ಹಿಂದೆ ಸರಿಯಿತು. ಮೂಲ ನಿಯಮಗಳ ದಾಖಲೆಯನ್ನೇ, ಯಾರು ಬೇಕಾದರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು.

ಆ ದಿನ ನನಗೂ ತುಂಬಾ ಖುಷಿಯಾಯಿತು. ಆಮೇಲೆ ಯೋಚನೆ ಬಂತು. ‘ಇದು ನಮ್ಮ ಆಟ’ ಅಂತ ಒಂದು ದೊಡ್ಡ ಕಂಪನಿಯ ಮುಂದೆ ಹೇಳಿದರೆ ಅದು ಧೈರ್ಯ. ಅದೇ ಮಾತಿನ ‘ನಮ್ಮ’ ಹೋಗಿ ‘ನನ್ನ’ ಬಂದರೆ ಸ್ಕಾಟ್ ಎದ್ದು ನಿಲ್ಲುತ್ತಾನೆ. ಎರಡೂ ಹುಟ್ಟುವುದು ಒಂದೇ ಪ್ರೀತಿಯಿಂದ. ರಾತ್ರಿಗಟ್ಟಲೆ ಕೂತು ನಕ್ಷೆ ಬರೆದವನಿಗೆ, ಒಂದು ಊರಿಗೆ ಹೆಸರಿಟ್ಟು ಆ ಊರಿನ ಬಾವಿಗೂ ಕಥೆ ಕಟ್ಟಿದವನಿಗೆ ಅದು ತನ್ನದು ಅನ್ನಿಸದೆ ಇರುತ್ತದೆಯೇ? ಅನ್ನಿಸಬೇಕು. ಅನ್ನಿಸದಿದ್ದರೆ ಅವನು ಒಳ್ಳೆಯ ಗೇಮ್ ಮಾಸ್ಟರ್ ಆಗಲಾರ. ಆದರೆ ಆ ಊರಿಗೆ ಬೇರೆಯವರು ಕಾಲಿಟ್ಟ ಕೂಡಲೇ ಅದು ಅವನೊಬ್ಬನದಾಗಿ ಉಳಿಯಲ್ಲ. ಸ್ಕಾಟ್‌ಗೆ ಇದನ್ನು ಒಪ್ಪಲು ಆಗುವುದಿಲ್ಲ. ಸಿನಿಮಾ ನೋಡಿ ಕೂರಲಾರದೆ ಎದ್ದು ಹೋದವರಲ್ಲಿ ಆಟ ಆಡಿಸುವವರು ತುಂಬಾ ಇದ್ದಿರಬೇಕು ಅಂತ ನನ್ನ ಊಹೆ.

ಸಿನಿಮಾದ ಮೇಲೆ ನನಗೂ ಒಂದು ತಕರಾರಿದೆ. ಕ್ಯಾಮೆರಾ ಹೆಚ್ಚಾಗಿ ಕೋಣೆಯಲ್ಲೇ ಉಳಿಯುತ್ತದೆ. ಮೇಜು ಕಾಣುತ್ತದೆ, ದಾಳ ಕಾಣುತ್ತದೆ, ಸ್ಕಾಟ್‌ನ ಬೆವರು ಕಾಣುತ್ತದೆ. ಆದರೆ ಆ ಗೆಳೆಯರು ಇಷ್ಟು ಕಾಲ ಯಾಕೆ ಬಂದು ಕೂತರು ಅನ್ನುವುದು ಅಷ್ಟಾಗಿ ಕಾಣಲ್ಲ. ಒಳ್ಳೆಯ ರಾತ್ರಿಯೊಂದು ಇದ್ದೇ ಇರಬೇಕು. ಎಲ್ಲರೂ ಉಸಿರು ಬಿಗಿಹಿಡಿದು ಒಂದು ದಾಳದ ಕಡೆ ಬಗ್ಗಿದ ರಾತ್ರಿ, ಇಪ್ಪತ್ತು ಮುಖದ ಆ ದಾಳ ಮೇಜಿನ ಅಂಚಿನವರೆಗೆ ಉರುಳಿ, ನಿಂತು, 20 ತೋರಿಸಿ, ಎಲ್ಲರೂ ಕುರ್ಚಿ ತಳ್ಳಿ ಎದ್ದು ಕೂಗಿದ ರಾತ್ರಿ. ಅಂಥದ್ದೊಂದನ್ನು ತುಂಬಿ ತೋರಿಸಿದ್ದರೆ ಸ್ಕಾಟ್ ಕಳೆದುಕೊಂಡದ್ದು ಏನು ಅಂತ ಆಡದವರಿಗೂ ತಿಳಿಯುತ್ತಿತ್ತು. ನೊಂದವರ ದೂರಿನಲ್ಲಿ ನನಗೆ ಪೂರ್ತಿ ಒಪ್ಪಿಗೆಯಾಗುವ ಭಾಗ ಇದು. ಅವರ ಗಾಯ ತೋರಿಸಿದ್ದಕ್ಕೆ ಅವರಿಗೆ ಅಷ್ಟು ಬೇಸರವಿಲ್ಲ. ಅವರ ಸಂತೋಷವನ್ನು ತೋರಿಸದೆ ಬಿಟ್ಟದ್ದಕ್ಕೆ ಇದೆ.

ನಾನು ಈ ಸಿನಿಮಾ ನೋಡಿದ್ದು ನಮ್ಮ ಆಟದ ಗುಂಪಿನ ಜೊತೆ. ಒಟ್ಟು ಐದು ಜನ. ನಮಗೆ ಆಟ ಆಡಿಸುವ ಗೆಳೆಯ ಮೊದಲ ಅರ್ಧ ಗಂಟೆ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಅವನ ನಗು ನಿಂತಿತು. ನಾವು ಯಾರೂ ಆ ಕಡೆ ತಿರುಗಿ ನೋಡಲಿಲ್ಲ. ಸಿನಿಮಾ ಮುಗಿದ ಮೇಲೆ ಯಾರೂ ಅದರ ಬಗ್ಗೆ ಮಾತು ತೆಗೆಯಲಿಲ್ಲ. ಹೊತ್ತಾಯಿತು ಅಂತ ಹೇಳಿ ಎದ್ದೆವು.

ಮುಂದಿನ ವಾರ ಎಂದಿನಂತೆ ಸೇರಿದೆವು. ಹಾಳೆ ತೆಗೆದೆವು, ಪೆನ್ಸಿಲ್ ಕೆತ್ತಿದೆವು. ಅವನು ರಟ್ಟಿನ ಪರದೆ ಬಿಡಿಸಿ ಮುಂದೆ ನಿಲ್ಲಿಸಿದ. ದಾಳ ಕೈಗೆ ತೆಗೆದುಕೊಂಡವನು ಹಾಗೇ ಹಿಡಿದುಕೊಂಡು ಕೂತ.

‘ನಾನೂ ಹಾಗೇ ಆಡ್ತೀನಾ?’ ಅಂತ ಕೇಳಿದ.

ಯಾರೂ ಮಾತಾಡಲಿಲ್ಲ. ಕೊನೆಗೆ ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವನು ಹಾಳೆಯಿಂದ ತಲೆ ಎತ್ತದೆ, ‘ಒಂದೊಂದ್ಸಲ ಕಣೋ’ ಅಂದ.

ಅವನು ತಲೆಯಾಡಿಸಿದ. ಪರದೆಯನ್ನು ಮಡಚಿ ಕೆಳಗಿಟ್ಟ. ದಾಳವನ್ನು ನಮ್ಮೆಲ್ಲರ ಕಣ್ಣೆದುರೇ ಮೇಜಿನ ಮಧ್ಯಕ್ಕೆ ಉರುಳಿಸಿದ. ನಾಲ್ಕು ಬಿತ್ತು. ನಾವು ಕಾಯುತ್ತಿದ್ದ ರಾಕ್ಷಸನ ಏಟು ತಪ್ಪಿಹೋಯಿತು.